ನೀರಿನ ಪೈಪಿನ ನಕ್ಷೆಯನ್ನು ಗುಂಡಿಯಲ್ಲೇ ಬರೆಯಬೇಕು

ಹೋದ ವರ್ಷ ಬೇಸಿಗೆಯಲ್ಲಿ ಹಾಸನದ ನಮ್ಮ ಬೀದಿಯಲ್ಲಿ ಕೇಬಲ್ ಹಾಕೋಕೆ ರಸ್ತೆ ಅಗೆದರು. ಬೆಳಗ್ಗೆ ಹತ್ತು ಗಂಟೆ ಸುಮಾರಿಗೆ ಜೆಸಿಬಿಯ ಹಲ್ಲು ನೀರಿನ ಪೈಪಿಗೆ ಬಿತ್ತು. ಅವತ್ತು ನಮಗೆ ನೀರು ಬರೋ ದಿನ, ಸಂಪುಗಳು ಇನ್ನೂ ಅರ್ಧ ತುಂಬಿರಲಿಲ್ಲ. ನೀರು ಆಳೆತ್ತರ ಚಿಮ್ಮಿ, ಎದುರು ಮನೆಯ ಕಾಂಪೌಂಡ್ ತೋಯಿಸಿ, ಮೋರಿ ಸೇರಿ ಇಳಿಜಾರಿನ ಕಡೆ ಹರಿಯಿತು. ವಾಲ್ವ್ ತಿರುಗಿಸಿದರೆ ನಿಲ್ಲುತ್ತದೆ. ಆದರೆ ವಾಲ್ವ್ ಎಲ್ಲಿದೆ ಅಂತ ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ.

ನೀರು ಬಿಡುವ ಹುಡುಗ ಓಡಿ ಬಂದ. ಅವನು ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು. ಬೀದಿ ಕೊನೆಯ ವಾಲ್ವ್ ಅವನಿಗೆ ಗೊತ್ತಿತ್ತು, ಅದನ್ನು ಬಂದ್ ಮಾಡಿದ. ನೀರು ನಿಲ್ಲಲಿಲ್ಲ. ಇನ್ನೊಂದು ಕಡೆಯಿಂದಲೂ ಲೈನ್ ಬಂದು ಸೇರಿದೆ ಅನ್ನೋದು ಆಗಲೇ ಎಲ್ಲರಿಗೂ ಗೊತ್ತಾಗಿದ್ದು. ಕೊನೆಗೆ ರಿಟೈರ್ ಆದ ಹಳೆಯ ವಾಲ್ವ್‌ಮ್ಯಾನ್ ಒಬ್ಬರಿಗೆ ಫೋನ್ ಮಾಡಿ ಕರೆಸಿದರು. ಅವರು ಬಂದು ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಎದುರು ಮನೆಯ ಗೇಟು ನೋಡಿದರು, ಮೋರಿ ನೋಡಿದರು.

"ಇಲ್ಲೊಂದು ಹೊಂಗೆ ಮರ ಇತ್ತಲ್ಲ ಸಾರ್, ಅದರ ಬುಡದಿಂದ ಮೂರು ಹೆಜ್ಜೆ ಮೋರಿ ಕಡೆಗೆ."

ಆ ಮರ ಕಡಿದು ಹತ್ತು ವರ್ಷವಾಗಿದೆ. ಅವರು ಮರ ಇದ್ದ ಜಾಗವನ್ನು ಅಂದಾಜಿನಲ್ಲಿ ಹಿಡಿದು, ಮೂರು ಹೆಜ್ಜೆ ಹಾಕಿ, ಹಿಮ್ಮಡಿಯಿಂದ ನೆಲ ಒದ್ದು ತೋರಿಸಿದರು. ಹಾರೆ ಹಾಕಿದರೆ ಡಾಂಬರು, ಅದರ ಕೆಳಗೆ ಇನ್ನೊಂದು ಪದರ ಡಾಂಬರು, ಗೇಣುದ್ದ ಕೆಳಗೆ ವಾಲ್ವಿನ ಮುಚ್ಚಳ. ಇಷ್ಟೆಲ್ಲಾ ಆಗುವ ಹೊತ್ತಿಗೆ ಮಧ್ಯಾಹ್ನ ಒಂದು ಗಂಟೆ.

ಅವತ್ತಿನಿಂದ ನನ್ನ ತಲೆಯಲ್ಲಿ ಒಂದೇ ವಿಷಯ ಓಡುತ್ತಿದೆ. ಗೊರೂರಿನ ಹೇಮಾವತಿ ಜಲಾಶಯದ ಗರಿಷ್ಠ ಮಟ್ಟ 2,922 ಅಡಿ ಅಂತ ಹಾಸನದಲ್ಲಿ ಶಾಲೆ ಮಕ್ಕಳೂ ಹೇಳುತ್ತಾರೆ. ಮಳೆಗಾಲದಲ್ಲಿ ಇವತ್ತಿನ ಮಟ್ಟ ಎಷ್ಟು, ಒಳಹರಿವು ಎಷ್ಟು, ಹೊರಹರಿವು ಎಷ್ಟು ಅಂತ ದಿನಾ ಪೇಪರಿನಲ್ಲಿ ಓದುತ್ತೇವೆ. ಅದೇ ನೀರು ನಮ್ಮ ಊರಿಗೆ ಬಂದು, ಟ್ಯಾಂಕ್ ಹತ್ತಿ ಇಳಿದು, ನಮ್ಮ ಮನೆ ಬಾಗಿಲ ಮುಂದೆ ನೆಲದೊಳಗೆ ಹರಿಯುವಾಗ ಅದು ಎಲ್ಲಿದೆ ಅಂತ ಹೇಳೋಕೆ ಒಬ್ಬ ವಯಸ್ಸಾದ ಮನುಷ್ಯನ ನೆನಪು ಬೇಕಾಯಿತು. ಅವರಿಗೆ ಅವತ್ತು ಜ್ವರ ಬಂದಿದ್ದರೆ?

ಇದಕ್ಕೆ ಪರಿಹಾರ ಇದೆ, ಹೊಸದೂ ಅಲ್ಲ. ಪೈಪ್ ಜಾಲವನ್ನು ಕಂಪ್ಯೂಟರ್ ನಕ್ಷೆಗೆ ಹತ್ತಿಸುವುದು. ಇದಕ್ಕೆ ಜಿಐಎಸ್ ಅನ್ನುತ್ತಾರೆ. ಕಾಗದದ ಡ್ರಾಯಿಂಗಿಗೂ ಇದಕ್ಕೂ ದೊಡ್ಡ ವ್ಯತ್ಯಾಸ ಇದೆ. ಕಾಗದದಲ್ಲಿ ಪೈಪ್ ಅಂದರೆ ಒಂದು ಗೆರೆ, ಅಷ್ಟೆ. ಜಿಐಎಸ್‌ನಲ್ಲಿ ಆ ಗೆರೆ ಮುಟ್ಟಿದರೆ ಅದರ ಜಾತಕವೇ ಬಿಚ್ಚಿಕೊಳ್ಳುತ್ತದೆ: ಬೀಡು ಕಬ್ಬಿಣವೋ ಪಿವಿಸಿಯೋ, ಎಷ್ಟು ಇಂಚು, ಯಾವ ವರ್ಷ ಹಾಕಿದ್ದು, ಎಷ್ಟು ಆಳದಲ್ಲಿದೆ, ಎಷ್ಟು ಸಲ ಒಡೆದಿದೆ, ಯಾವ ವಾಲ್ವಿನಿಂದ ಯಾವ ವಾಲ್ವಿನವರೆಗೆ. ಪೈಪ್ ಒಡೆದ ಜಾಗದ ಮೇಲೆ ಬೆರಳಿಟ್ಟರೆ ಯಾವ ಯಾವ ವಾಲ್ವ್ ಬಂದ್ ಮಾಡಬೇಕು, ಬಂದ್ ಮಾಡಿದರೆ ಎಷ್ಟು ಮನೆಗೆ ನೀರು ನಿಲ್ಲುತ್ತದೆ ಅಂತ ಅದೇ ಹುಡುಕಿ ಕೊಡುತ್ತದೆ. ನಮ್ಮ ಬೀದಿಗೆ ಎರಡು ಕಡೆಯಿಂದ ಲೈನ್ ಬರುತ್ತದೆ ಅನ್ನೋ ಸಂಗತಿ ಆ ಹುಡುಗನಿಗೆ ಮೊದಲ ನಿಮಿಷದಲ್ಲೇ ಕಾಣುತ್ತಿತ್ತು.

ತಂತ್ರಾಂಶಕ್ಕೆ ದುಡ್ಡಿಲ್ಲ ಅನ್ನುವ ಮಾತು ಈಗ ನಡೆಯೋದಿಲ್ಲ. ಕ್ಯೂಜಿಐಎಸ್ ಅನ್ನುವ ತಂತ್ರಾಂಶ 2002ರಿಂದ ಬೆಳೆದುಕೊಂಡು ಬಂದಿದೆ, ಪೂರ್ತಿ ಉಚಿತ, ಸಾಮಾನ್ಯ ಲ್ಯಾಪ್‌ಟಾಪಿನಲ್ಲಿ ಓಡುತ್ತದೆ. ಅದರ ಜೊತೆಗೆ ಮೊಬೈಲಿನಲ್ಲಿ ಬಳಸೋಕೆ ಕ್ಯೂಫೀಲ್ಡ್ ಇದೆ, ಅದೂ ಉಚಿತ. ನಕ್ಷೆ ಆದ ಮೇಲೆ ಯಾವ ಬೀದಿಯಲ್ಲಿ ಎಷ್ಟು ಒತ್ತಡ ಬರುತ್ತದೆ ಅಂತ ಲೆಕ್ಕ ಹಾಕಲು ಇಪಿಎನೆಟ್ ಇದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಅದನ್ನು 1993ರಲ್ಲಿ ಹೊರತಂದಿತು, ಯಾರು ಬೇಕಾದರೂ ಇಳಿಸಿಕೊಳ್ಳಬಹುದು.

ಹಾಗಾದರೆ ತೊಡಕು ಎಲ್ಲಿದೆ? ನೆಲದೊಳಗೆ ಏನಿದೆ ಅನ್ನೋದು ತಂತ್ರಾಂಶಕ್ಕೆ ಯಾರಾದರೂ ಹೇಳಬೇಕು. ಅಲ್ಲೇ ಇರೋದು ನಿಜವಾದ ಕೆಲಸ.

ಸಾಮಾನ್ಯವಾಗಿ ಹೀಗಾಗುತ್ತದೆ. ಹೊಸ ಲೈನ್ ಹಾಕುವ ಮುಂಚೆ ಎಸ್ಟಿಮೇಟಿಗೆ ಅಂತ ಒಂದು ಡ್ರಾಯಿಂಗ್ ಮಾಡುತ್ತಾರೆ. ರಸ್ತೆಯ ಎಡಕ್ಕೆ, ಮೋರಿಯಿಂದ ಇಷ್ಟು ದೂರ, ಇಷ್ಟು ಆಳ. ಕೆಲಸ ಶುರುವಾದಾಗ ಅಲ್ಲಿ ಬಂಡೆ ಸಿಗುತ್ತದೆ, ಇಲ್ಲ ಯಾರದೋ ಮನೆಯ ಮೆಟ್ಟಿಲು ಅಡ್ಡ ಬರುತ್ತದೆ. ಪೈಪ್ ಬಲಕ್ಕೆ ಹೋಗುತ್ತದೆ. ಡ್ರಾಯಿಂಗ್ ಮಾತ್ರ ಎಡಕ್ಕೇ ಉಳಿಯುತ್ತದೆ! ಹತ್ತು ವರ್ಷ ಆದ ಮೇಲೆ ಯಾರೋ ಆ ಡ್ರಾಯಿಂಗನ್ನೇ ನೋಡಿ ಕಂಪ್ಯೂಟರಿಗೆ ಹತ್ತಿಸಿದರೆ ಚೆಂದದ, ಬಣ್ಣಬಣ್ಣದ, ಪೂರ್ತಿ ತಪ್ಪಾದ ನಕ್ಷೆ ಸಿಗುತ್ತದೆ. ನಕ್ಷೆ ಇಲ್ಲದಿದ್ದಾಗ ಜನ ಹುಷಾರಾಗಿ ಅಗೆಯುತ್ತಾರೆ. ತಪ್ಪು ನಕ್ಷೆ ಇದ್ದರೆ ಧೈರ್ಯವಾಗಿ ಅಗೆಯುತ್ತಾರೆ. ಅದು ಇನ್ನೂ ಅಪಾಯ.

ಆದ್ದರಿಂದ ನನ್ನ ಮಾತು ಇಷ್ಟೆ: ಪೈಪಿನ ನಕ್ಷೆಯನ್ನು ಆಫೀಸಿನಲ್ಲಿ ಕೂತು ಬರೆಯೋಕೆ ಆಗಲ್ಲ, ಗುಂಡಿಯ ಪಕ್ಕ ನಿಂತು ಬರೆಯಬೇಕು. ಲೀಕ್ ಸರಿ ಮಾಡೋಕೆ, ಹೊಸ ನಲ್ಲಿ ಕೊಡೋಕೆ, ಕೇಬಲ್ ಎಳೆಯೋಕೆ ಅಂತ ಊರಲ್ಲಿ ದಿನಾ ಎಲ್ಲೋ ಒಂದು ಕಡೆ ಗುಂಡಿ ಬೀಳುತ್ತಲೇ ಇರುತ್ತದೆ. ಗುಂಡಿ ತೆರೆದಿರುವ ಅಷ್ಟು ಹೊತ್ತು ಪೈಪ್ ಕಣ್ಣಿಗೆ ಕಾಣುತ್ತದೆ. ಆಮೇಲೆ ಮಣ್ಣು ಮುಚ್ಚಿದರೆ ಇನ್ನು ಹತ್ತಿಪ್ಪತ್ತು ವರ್ಷ ಅದನ್ನು ಯಾರೂ ನೋಡೋದಿಲ್ಲ. ಮುಚ್ಚುವ ಮುಂಚೆ ಐದು ನಿಮಿಷ ಕೊಟ್ಟು ಫೋಟೋ ತೆಗೆದು, ಅಳತೆ ಬರೆದುಕೊಂಡರೆ ಸಾಕು. ಬರೆದುಕೊಳ್ಳದೆ ಮುಚ್ಚಿದ ಒಂದೊಂದು ಗುಂಡಿಯೂ ಕೈಗೆ ಬಂದು ಜಾರಿದ ಅವಕಾಶ.

ಅಳತೆ ಅಂದೆ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಇಲ್ಲೇ ತುಂಬಾ ಜನ ಎಡವುತ್ತಾರೆ. ಮೊಬೈಲಿನ ಜಿಪಿಎಸ್ ಬಯಲಿನಲ್ಲಿ ನಿಂತರೂ ಸುಮಾರು 5 ಮೀಟರ್ ಆಚೀಚೆ ತೋರಿಸುತ್ತದೆ. ಹಳೆಯ ಪೇಟೆಯ ಬೀದಿಗಳು ಎಷ್ಟೋ ಕಡೆ ಅದಕ್ಕಿಂತ ಸ್ವಲ್ಪವೇ ಅಗಲ. ಬರೀ ಜಿಪಿಎಸ್ ನಂಬಿದರೆ ಪೈಪ್ ರಸ್ತೆಯ ಈ ಕಡೆಯೋ ಆ ಕಡೆಯೋ ಅನ್ನೋದೇ ಗೊತ್ತಾಗಲ್ಲ. ಸೆಂಟಿಮೀಟರ್ ಲೆಕ್ಕದಲ್ಲಿ ತೋರಿಸುವ ಸಾಧನಗಳೂ ಇವೆ, ದೊಡ್ಡ ಲೈನಿಗೆ ಅವು ಬೇಕು. ಬೀದಿಯ ಪೈಪಿಗೆ ಟೇಪು ಸಾಕು. ಎರಡು ಗಟ್ಟಿ ಗುರುತು ಹಿಡಿಯಬೇಕು, ಉದಾಹರಣೆಗೆ ಈ ಮನೆಯ ಕಾಂಪೌಂಡ್ ಮೂಲೆಯಿಂದ 2.4 ಮೀಟರ್, ಆ ಮನೆಯ ಗೋಡೆ ಮೂಲೆಯಿಂದ 3.1 ಮೀಟರ್. ಎರಡು ಅಳತೆ ಸೇರಿದ ಕಡೆ ಪೈಪ್. ಹೊಂಗೆ ಮರದಿಂದ ಮೂರು ಹೆಜ್ಜೆ ಅಂದರಲ್ಲ, ಅದೂ ಇದೇ ಲೆಕ್ಕವೇ. ಗುರುತಿಗೆ ಮರದ ಬದಲು ಗೋಡೆ ಹಿಡಿಯಬೇಕು, ಮತ್ತು ಅದು ತಲೆಯಲ್ಲಿ ಉಳಿಯದೆ ನಕ್ಷೆಗೆ ಇಳಿಯಬೇಕು.

ಇನ್ನೊಂದು ಸೂಕ್ಷ್ಮ ಇದೆ. ಪರದೆಯ ಮೇಲೆ ಎರಡು ಗೆರೆ ಒಂದನ್ನೊಂದು ದಾಟಿದರೆ ಅವು ಸೇರಿವೆ ಅಂತ ಅರ್ಥವಲ್ಲ. ಒಂದು ಪೈಪ್ ಇನ್ನೊಂದರ ಕೆಳಗೆ ಹಾದು ಹೋಗಿರಬಹುದು. ಅದೇ ರೀತಿ ಗೆರೆ ಎಳೆಯುವಾಗ ತುದಿ ಅರ್ಧ ಅಡಿ ಮುಂಚೆಯೇ ನಿಂತರೆ ನಮ್ಮ ಕಣ್ಣಿಗೆ ಕೂಡಿದ ಹಾಗೇ ಕಾಣುತ್ತದೆ, ಆದರೆ ತಂತ್ರಾಂಶದ ಪ್ರಕಾರ ಅಲ್ಲಿಂದ ಮುಂದೆ ಇಡೀ ಬೀದಿಗೆ ನೀರೇ ಇಲ್ಲ. ಹೀಗಾಗಿ ನಕ್ಷೆ ಬರೆದವರು ಮತ್ತು ನೀರು ಬಿಡುವವರು ಒಟ್ಟಿಗೆ ಕೂತು "ಇದು ಇಲ್ಲಿ ಸೇರುತ್ತಾ ಅಣ್ಣ?" ಅಂತ ಒಂದೊಂದು ಜಾಯಿಂಟನ್ನೂ ಕೇಳಬೇಕು. ಬೇರೆ ದಾರಿ ಇಲ್ಲ.

ಎಲ್ಲವೂ ಕಣ್ಣಾರೆ ನೋಡಿದ್ದು ಆಗಿರೋದಿಲ್ಲ, ಒಪ್ಪುತ್ತೇನೆ. ಅದಕ್ಕೆ ನನಗೆ ಸರಿ ಅನ್ನಿಸುವ ಉಪಾಯ ಎಂದರೆ ಪ್ರತಿ ಗೆರೆಗೂ ಒಂದು ಬಣ್ಣ ಕೊಡುವುದು. ಗುಂಡಿಯಲ್ಲಿ ನೋಡಿ ಅಳೆದಿದ್ದರೆ ಹಸಿರು. ವಾಲ್ವ್‌ಮ್ಯಾನ್ ಹೇಳಿದ್ದು, ಇಲ್ಲ ಹಳೆಯ ದಾಖಲೆಯಲ್ಲಿ ಸಿಕ್ಕಿದ್ದು ಹಳದಿ. ಬರೀ ಊಹೆ ಆದರೆ ಕೆಂಪು. ಮೊದಲ ದಿನ ನಕ್ಷೆ ಪೂರ್ತಿ ಕೆಂಪು ಹಳದಿ ಇರುತ್ತದೆ, ಇರಲಿ. ಅಗೆಯುವವನಿಗೆ ಎಲ್ಲಿ ಎಷ್ಟು ಹುಷಾರಾಗಿರಬೇಕು ಅಂತ ಗೊತ್ತಾಗುತ್ತದೆ. ಹಳೆಯ ದಾಖಲೆ ಅಂದಾಗ ನೆನಪಾಯಿತು, ಎಂಜಿನಿಯರುಗಳು ಬರೆಯುವ ಅಳತೆ ಪುಸ್ತಕ, ಎಂ.ಬಿ. ಅಂತ ಎಲ್ಲರೂ ಕರೆಯೋದು, ಅದರಲ್ಲಿ ಯಾವ ಬೀದಿಗೆ ಎಷ್ಟು ಉದ್ದ, ಎಷ್ಟು ಇಂಚಿನ ಪೈಪ್ ಯಾವ ತಾರೀಖಿನಲ್ಲಿ ಹಾಕಿದರು ಅನ್ನೋದು ಇರುತ್ತದೆ. ಬಿಲ್ ಮಾಡೋಕೆ ಅಂತ ಬರೆದಿದ್ದು. ಧೂಳು ಹಿಡಿದು ಬೀರುವಿನಲ್ಲಿ ಮಲಗಿರುವ ಆ ಪುಸ್ತಕಗಳು ನಕ್ಷೆಗೆ ಬಂಗಾರದಂಥವು.

ಈಗ ಪೈಪ್ ವಯಸ್ಸಿನ ವಿಷಯ. ಹಳೆಯದನ್ನೆಲ್ಲ ಕಿತ್ತು ಹೊಸದು ಹಾಕಿ ಅಂತ ಹೇಳೋದು ಸುಲಭ. ಅಷ್ಟು ದುಡ್ಡು ಯಾವ ಊರಲ್ಲೂ ಇರೋದಿಲ್ಲ. ಮತ್ತೆ ವಯಸ್ಸೊಂದೇ ಪೈಪಿನ ಆರೋಗ್ಯ ಹೇಳೋದಿಲ್ಲ. ಒಳ್ಳೆಯ ಬೀಡು ಕಬ್ಬಿಣದ ಪೈಪ್, ಮಣ್ಣು ಚೆನ್ನಾಗಿದ್ದು ಮೇಲೆ ಭಾರ ಜಾಸ್ತಿ ಬೀಳದಿದ್ದರೆ, ಮುಕ್ಕಾಲು ಶತಮಾನ ದಾಟಿಯೂ ಬಾಳುತ್ತದೆ. ಸರಿಯಾಗಿ ಮರಳು ಹಾಸದೆ, ಆಳಕ್ಕೆ ಇಳಿಸದೆ ಹಾಕಿದ ಪಿವಿಸಿ ಪೈಪ್ ಲಾರಿ ಓಡಾಡುವ ರಸ್ತೆಯಲ್ಲಿ ಹತ್ತು ವರ್ಷಕ್ಕೇ ಸುಸ್ತಾಗುತ್ತದೆ. ಮನೆಗೆ ಹೋಗುವ ಜಿಐ ಪೈಪ್, ಅಂದರೆ ಸತು ಲೇಪಿಸಿದ ಕಬ್ಬಿಣದ್ದು, ಇನ್ನೂ ಬೇಗ ತುಕ್ಕು ಹಿಡಿಯುತ್ತದೆ. ಊರಿನ ಲೀಕುಗಳಲ್ಲಿ ಹೆಚ್ಚಿನವು ಮುಖ್ಯ ಪೈಪಿನಲ್ಲಿ ಇರೋದೇ ಇಲ್ಲ, ಮುಖ್ಯ ಪೈಪಿನಿಂದ ಮನೆಗೆ ಹೊರಡುವ ಜಾಗದಲ್ಲಿ ಇರುತ್ತವೆ. ಯಾವುದನ್ನು ಮೊದಲು ಬದಲಿಸಬೇಕು ಅಂತ ಹೇಳೋಕೆ ಒಡೆದ ಚರಿತ್ರೆ ಬೇಕು. ಪ್ರತಿ ಸಲ ಒಡೆದಾಗ ನಕ್ಷೆಯ ಮೇಲೆ ಒಂದು ಚುಕ್ಕಿ ಇಡಿ, ತಾರೀಖು ಬರೆಯಿರಿ. ಎರಡು ವರ್ಷದಲ್ಲಿ ಚುಕ್ಕಿಗಳು ಎಲ್ಲಿ ಗುಂಪು ಕಟ್ಟಿವೆ ಅಂತ ಯಾರು ಬೇಕಾದರೂ ನೋಡಿ ಹೇಳಬಹುದು. ಆಗ ಯಾವ ವಾರ್ಡಿಗೆ ಮೊದಲು ಹೊಸ ಪೈಪ್ ಅನ್ನುವ ಜಗಳಕ್ಕೂ ಒಂದು ಆಧಾರ ಸಿಗುತ್ತದೆ, ಅಲ್ವಾ?

ಸೋರುವ ನೀರಿನ ಲೆಕ್ಕ ಒಂದು ಸಲ ಮಾಡಿ ನೋಡಿ. 3 ಮಿ.ಮೀ. ತೂತು, ಅಂದರೆ ತೆಳು ಮೊಳೆ ಹೊಡೆದಷ್ಟು. ಪೈಪಿನಲ್ಲಿ 20 ಮೀಟರ್ ಒತ್ತಡ, ಅಂದರೆ ನೀರನ್ನು 20 ಮೀಟರ್ ಎತ್ತರಕ್ಕೆ ಏರಿಸುವಷ್ಟು ಒತ್ತಡ ಇದ್ದರೆ ಆ ತೂತಿನಿಂದ 24 ಗಂಟೆಯಲ್ಲಿ ಸುಮಾರು 7,000 ಲೀಟರ್ ಹೋಗುತ್ತದೆ. ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಅಂತ ಸರ್ಕಾರದ ಮಾನದಂಡ. ಐವತ್ತು ಜನರ ನೀರು! ಬೀದಿ ಪೈಪಿನಲ್ಲಿ ನೀರು ಬಿಡುವ ದಿನ ಕೆಲವು ಗಂಟೆ ಮಾತ್ರ ನೀರು ಇರುವುದರಿಂದ ಅಲ್ಲಿ ಇಷ್ಟು ಹೋಗೋದಿಲ್ಲ, ನಿಜ. ಆದರೆ ಟ್ಯಾಂಕ್ ತುಂಬಿಸುವ ದೊಡ್ಡ ಲೈನು ಹಗಲೂ ರಾತ್ರಿ ಓಡುತ್ತದೆ. ನಮ್ಮ ಕಡೆ ಅದಕ್ಕೆ ಇನ್ನೊಂದು ಖರ್ಚೂ ಸೇರುತ್ತದೆ. ಹಾಸನ ಗೊರೂರಿಗಿಂತ ಎತ್ತರದಲ್ಲಿದೆ. ಚಿಕ್ಕಮಗಳೂರು ಬೇಲೂರಿನ ಯಗಚಿ ಜಲಾಶಯದಿಂದ ನೀರು ತರಿಸಿಕೊಳ್ಳುತ್ತದೆ, ಅದೂ ಏರು ದಾರಿ. ಸಾವಿರ ಲೀಟರ್ ನೀರನ್ನು 100 ಮೀಟರ್ ಮೇಲಕ್ಕೆ ಎತ್ತೋಕೆ ಪಂಪಿನ ನಷ್ಟವೂ ಸೇರಿ ಸುಮಾರು 0.4 ಯೂನಿಟ್ ಕರೆಂಟು ಬೇಕು. ಸೋರಿದ ನೀರಿನ ಜೊತೆ ಕರೆಂಟೂ ಮಣ್ಣು ಪಾಲು. ಕೇಂದ್ರ ಸರ್ಕಾರದ ಅಮೃತ್ 2.0 ಯೋಜನೆ 2021ರ ಅಕ್ಟೋಬರಿನಲ್ಲಿ ಶುರುವಾದಾಗ ಲೆಕ್ಕಕ್ಕೆ ಸಿಗದ ನೀರನ್ನು 20 ಪರ್ಸೆಂಟಿಗಿಂತ ಕೆಳಗೆ ತರಬೇಕು ಅಂತ ಗುರಿ ಇಟ್ಟುಕೊಂಡಿತು. ನೀರು ಎಲ್ಲಿ ಹರಿಯುತ್ತಿದೆ ಅಂತಲೇ ಗೊತ್ತಿಲ್ಲದೆ ಎಲ್ಲಿ ಸೋರುತ್ತಿದೆ ಅಂತ ಹೇಗೆ ಹುಡುಕೋದು?

ಚಿಕ್ಕಮಗಳೂರಿನಂಥ ಏರಿಳಿತದ ಊರಿಗೆ ಈ ನಕ್ಷೆ ಇನ್ನೂ ಜಾಸ್ತಿ ಬೇಕು. ಅಲ್ಲಿಗೆ ಯಗಚಿಯ ಜೊತೆಗೆ ಹಿರೇಕೊಳಲೆ ಕೆರೆಯ ನೀರೂ ಬರುತ್ತದೆ. ಇಳಿಜಾರಿನ ತಳದ ಮನೆಯಲ್ಲಿ ನಲ್ಲಿ ಕೈಗೆ ಹೊಡೆಯುವಷ್ಟು ಜೋರು, ಮೇಲಿನ ಮನೆಯಲ್ಲಿ ನೂಲಿನಷ್ಟು. 10 ಮೀಟರ್ ಎತ್ತರ ಬದಲಾದರೆ 10 ಮೀಟರ್ ಒತ್ತಡ ಬದಲಾಯಿತು ಅಂತಲೇ ಲೆಕ್ಕ. ಒಂದು ಅಂತಸ್ತಿನ ಮನೆಗೆ 7 ಮೀಟರ್, ಎರಡು ಅಂತಸ್ತಿಗೆ 12 ಮೀಟರ್ ಒತ್ತಡ ಇರಬೇಕು ಅಂತ ನೀರು ಸರಬರಾಜಿನ ಬಗ್ಗೆ ಕೇಂದ್ರ ಸರ್ಕಾರ ತಂದ 1999ರ ಕೈಪಿಡಿ ಹೇಳಿತ್ತು. ನಕ್ಷೆಗೆ ನೆಲದ ಎತ್ತರವನ್ನೂ ಸೇರಿಸಿ ಇಪಿಎನೆಟ್‌ಗೆ ಕೊಟ್ಟರೆ ಯಾವ ಮನೆ ಈ ಲೆಕ್ಕದಿಂದ ಹೊರಗಿದೆ ಅಂತ ಕೂತಲ್ಲೇ ಕಾಣುತ್ತದೆ. ಒತ್ತಡ ಜಾಸ್ತಿ ಇರುವ ತಳದ ಬೀದಿಗಳಲ್ಲೇ ಪೈಪ್ ಹೆಚ್ಚು ಒಡೆಯೋದು, ಅದೂ ಕಾಣುತ್ತದೆ.

ಇಷ್ಟೆಲ್ಲಾ ಹೇಳಿದೆ, ಆದರೆ ನನಗೆ ನಿದ್ದೆ ಕೆಡಿಸುವ ವಿಷಯ ಬೇರೆ. ನೀರು ಸೋರಿ ಹೊರಗೆ ಹೋಗೋದು ನಷ್ಟ. ಹೊರಗಿನದು ಒಳಗೆ ಬರೋದು ಪ್ರಾಣಕ್ಕೇ ಅಪಾಯ. ನಮ್ಮಲ್ಲಿ ನೀರು ದಿನಪೂರ್ತಿ ಬರೋದಿಲ್ಲ. ಬಿಟ್ಟಾಗ ಪೈಪಿನಲ್ಲಿ ಒತ್ತಡ ಇರುತ್ತದೆ, ತೂತಿನಿಂದ ನೀರು ಹೊರಗೆ ಹೋಗುತ್ತದೆ. ನಿಲ್ಲಿಸಿದ ಮೇಲೆ ಪೈಪ್ ಖಾಲಿಯಾಗುತ್ತಾ ಒಳಗೆ ಎಳೆತ ಹುಟ್ಟುತ್ತದೆ. ಆಗ ಅದೇ ತೂತಿನಿಂದ ಸುತ್ತಲಿನ ನೀರು ಒಳಗೆ ಬರುತ್ತದೆ. ಕೆಲವರು ಲೈನಿಗೇ ಮೋಟಾರ್ ಹಾಕಿ ಎಳೆಯುತ್ತಾರೆ, ಅದು ಈ ಎಳೆತವನ್ನು ಇನ್ನೂ ಜೋರು ಮಾಡುತ್ತದೆ. ಆ ತೂತು ಮೋರಿಯ ಒಳಗೇ ಇದ್ದರೆ? ನಿಮ್ಮ ಬೀದಿಯಲ್ಲಿ ಒಂದು ಸಲ ಬಗ್ಗಿ ನೋಡಿ. ಮೋರಿಯನ್ನು ಅಡ್ಡ ಹಾಯ್ದು, ಕೊಳಚೆಯಲ್ಲಿ ಮುಳುಗಿ ಮನೆಗೆ ಹೋಗುವ ಅರ್ಧ ಇಂಚಿನ ಪೈಪುಗಳು ಎಷ್ಟಿವೆ ಅಂತ. ನಮ್ಮ ಬೀದಿಯಲ್ಲಿ ನಾನು ಎಣಿಸಿದಾಗ ಹನ್ನೊಂದು ಸಿಕ್ಕವು. ಅದರಲ್ಲಿ ಒಂದಕ್ಕೆ ಸೈಕಲ್ ಟ್ಯೂಬ್ ಸುತ್ತಿ ಕಟ್ಟಿದ್ದರು.

2022ರಲ್ಲಿ ರಾಯಚೂರಿನಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು. 2023ರ ಆಗಸ್ಟಿನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಮತ್ತೆ ಅದೇ ಸುದ್ದಿ. ಇಂಥ ಹೊತ್ತಿನಲ್ಲಿ ಮೊದಲ ಪ್ರಶ್ನೆ ಏನಾಗಿರುತ್ತದೆ? ಕಾಯಿಲೆ ಬಿದ್ದ ಮನೆಗಳಿಗೆಲ್ಲ ನೀರು ಬರೋದು ಯಾವ ಟ್ಯಾಂಕಿನಿಂದ, ಯಾವ ಪೈಪಿನಿಂದ, ಆ ಪೈಪ್ ಎಲ್ಲಿ ಮೋರಿ ದಾಟುತ್ತದೆ. 1854ರಲ್ಲಿ ಲಂಡನ್ನಿನಲ್ಲಿ ಕಾಲರಾ ಬಂದಾಗ ಜಾನ್ ಸ್ನೋ ಅನ್ನುವ ಡಾಕ್ಟರ್ ಸಾವುಗಳನ್ನು ನಕ್ಷೆಯಲ್ಲಿ ಗುರುತಿಸಿ, ಹೆಚ್ಚಿನವು ಬ್ರಾಡ್ ಸ್ಟ್ರೀಟಿನ ಒಂದು ನೀರಿನ ಪಂಪಿನ ಸುತ್ತಲೇ ಇವೆ ಅಂತ ತೋರಿಸಿದರು. ಅವರ ಹತ್ತಿರ ಕಂಪ್ಯೂಟರ್ ಇರಲಿಲ್ಲ. ನಮ್ಮ ಹತ್ತಿರ ಇದೆ. ನೀರಿನ ಪೈಪಿನ ನಕ್ಷೆಯ ಮೇಲೆ ಒಳಚರಂಡಿಯ ನಕ್ಷೆ ಇಟ್ಟರೆ ಎರಡೂ ಎಲ್ಲೆಲ್ಲಿ ಅಡ್ಡ ಹಾಯುತ್ತವೆ ಅಂತ ಒಂದು ಪಟ್ಟಿ ಸಿಗುತ್ತದೆ. ಆ ಪಟ್ಟಿಯನ್ನು ಜನ ಕಾಯಿಲೆ ಬೀಳುವ ಮುಂಚೆಯೇ ಹಿಡಿದುಕೊಂಡು ಹೋಗಿ ಒಂದೊಂದು ಜಾಗವನ್ನೂ ನೋಡಿ ಬರಬಹುದು. ಬೇರೆ ಯಾವ ಲಾಭವೂ ಇಲ್ಲದಿದ್ದರೂ ಇದೊಂದಕ್ಕೇ ಈ ನಕ್ಷೆ ಮಾಡಬೇಕು ಅಂತ ನಾನು ಹೇಳುತ್ತೇನೆ.

ಕೇಬಲ್‌ನವರ ವಿಷಯಕ್ಕೂ ಒಂದು ವ್ಯವಸ್ಥೆ ಇದೆ. 2023ರ ಮಾರ್ಚ್ 22ರಂದು ಪ್ರಧಾನಿ 'ಕಾಲ್ ಬಿಫೋರ್ ಯು ಡಿಗ್' ಅನ್ನುವ ಆ್ಯಪ್ ಬಿಡುಗಡೆ ಮಾಡಿದರು. ಅಗೆಯುವವರು ಅಗೆಯುವ ಜಾಗವನ್ನು ಮುಂಚೆಯೇ ಅದರಲ್ಲಿ ಹೇಳಿದರೆ, ಅಲ್ಲಿ ನೆಲದೊಳಗೆ ಯಾರ ಆಸ್ತಿ ಇದೆಯೋ ಅವರಿಗೆ ಸುದ್ದಿ ಹೋಗುತ್ತದೆ. ಒಳ್ಳೆಯ ಯೋಚನೆ. ಆದರೆ ಸುದ್ದಿ ಬಂದಾಗ "ನಮ್ಮ ಪೈಪ್ ಇಂಥ ಕಡೆ ಇದೆ, ಹುಷಾರು" ಅಂತ ಉತ್ತರ ಕೊಡೋಕೆ ಈ ಕಡೆಯವರ ಕೈಯಲ್ಲಿ ನಕ್ಷೆ ಇರಬೇಕು.

ನನ್ನ ಕೈಯಲ್ಲಿ ಅಧಿಕಾರ ಇದ್ದಿದ್ದರೆ ಎರಡು ಕೆಲಸ ಮಾಡುತ್ತಿದ್ದೆ. ಹೊಸ ಲೈನ್ ಹಾಕಿದ ಗುತ್ತಿಗೆದಾರ ಗುಂಡಿ ಮುಚ್ಚುವ ಮುಂಚಿನ ಅಳತೆ, ಫೋಟೋ ಕೊಟ್ಟು ಅದು ನಕ್ಷೆಗೆ ಏರಿದ ಮೇಲೆಯೇ ಕೊನೆಯ ಬಿಲ್ ಪಾಸ್. ದುಡ್ಡಿಗೆ ಗಂಟು ಹಾಕದಿದ್ದರೆ ಯಾವ ನಿಯಮವೂ ನಡೆಯೋದಿಲ್ಲ. ಎರಡನೆಯದು, ರಿಟೈರ್ ಆಗಲಿಕ್ಕೆ ಒಂದು ವರ್ಷ ಇರುವ ಪ್ರತಿ ವಾಲ್ವ್‌ಮ್ಯಾನ್ ಜೊತೆ ಒಬ್ಬ ಹುಡುಗ ಮೊಬೈಲ್ ಹಿಡಿದು ಊರು ಸುತ್ತಬೇಕು. ಅದಕ್ಕೆ ಹಿರಿಯರಿಗೆ ಸಂಬಳದ ಮೇಲೆ ಗೌರವಧನ ಕೊಡಬೇಕು. ಮೂವತ್ತು ವರ್ಷ ಬೆಳಗಿನ ಜಾವ ನಾಲ್ಕು ಗಂಟೆಗೆ ಎದ್ದು ಚಳಿ ಮಳೆಯಲ್ಲಿ ವಾಲ್ವ್ ತಿರುಗಿಸಿದವರು ಅವರು. ಕಬ್ಬಿಣದ ಕೋಲಿನ ಒಂದು ತುದಿ ಪೈಪಿನ ಮೇಲಿಟ್ಟು, ಇನ್ನೊಂದು ತುದಿಗೆ ಕಿವಿಯಿಟ್ಟು ಲೀಕ್ ಎಲ್ಲಿದೆ ಅಂತ ಹೇಳಬಲ್ಲವರು. ಅವರು ಸುಮ್ನೆ ಮನೆಗೆ ಹೋಗಿಬಿಟ್ಟರೆ ಊರು ಕಳೆದುಕೊಳ್ಳುವುದು ತುಂಬಾ ದೊಡ್ಡದು.

ಆ ಹಳೆಯ ವಾಲ್ವ್‌ಮ್ಯಾನ್ ಜೊತೆ ನಾನು ಈಗ ಕೆಲವು ಭಾನುವಾರಗಳಿಂದ ಸುತ್ತುತ್ತಿದ್ದೇನೆ. ಅವರು ತೋರಿಸುತ್ತಾರೆ, ನಾನು ಟೇಪು ಹಿಡಿಯುತ್ತೇನೆ, ಅವರ ಮೊಮ್ಮಗ ಕ್ಯೂಫೀಲ್ಡ್‌ನಲ್ಲಿ ಚುಕ್ಕಿ ಇಡುತ್ತಾನೆ. ಇಲ್ಲಿಯವರೆಗೆ 23 ವಾಲ್ವ್ ಗುರುತು ಮಾಡಿದ್ದೇವೆ. ಅದರಲ್ಲಿ ಮುಚ್ಚಳ ಕಣ್ಣಿಗೆ ಕಂಡಿದ್ದು 14, ಅವು ಹಸಿರು. ಉಳಿದ ಒಂಬತ್ತು ಡಾಂಬರಿನ ಕೆಳಗಿವೆ, ಅವರ ಮಾತಿನ ಮೇಲೆ ಹಳದಿ. ಮೊಮ್ಮಗನಿಗೆ ಅಜ್ಜ ಹೇಳಿದ್ದರಲ್ಲಿ ಒಂದಕ್ಕೆ ಅನುಮಾನ ಇತ್ತು, ಅಷ್ಟು ಹತ್ತಿರ ಹತ್ತಿರ ಎರಡು ವಾಲ್ವ್ ಯಾಕೆ ಅಂತ. "ಒಂದು ಹಳೇ ಲೈನಿಂದು ಕಣೋ, ಒಂದು ಹೊಸದರದ್ದು. ಹಳೇದನ್ನ ಯಾರೂ ಬಂದ್ ಮಾಡಲಿಲ್ಲ, ಅದರಲ್ಲೂ ನೀರು ಓಡ್ತಾ ಇದೆ" ಅಂದರು. ಹಾಗೆ ಓಡುತ್ತಿರುವ ಆ ಹಳೆಯ ಲೈನ್ ಎಲ್ಲಿಗೆ ಹೋಗಿ ಮುಟ್ಟುತ್ತದೆ ಅನ್ನೋದೇ ಈಗ ಹುಡುಕಬೇಕಾಗಿರೋದು. ಒಂದು ಮನೆಯ ಕಾರು ಹತ್ತಿಸುವ ರ‍್ಯಾಂಪ್ ಕೆಳಗೆ ಅದರ ಇನ್ನೊಂದು ವಾಲ್ವ್ ಇದೆ ಅಂತ ಅವರು ಹೇಳುತ್ತಾರೆ. ಬರುವ ಭಾನುವಾರ ಆ ಮನೆಯವರನ್ನು ಕೇಳಿಕೊಂಡು ಬರಬೇಕು.